ಸೊಂಟ ನೋವು ಅಂದ್ರೆ ಎಲ್ಲಿ ನೋವು?

ನೋವು ಶುರುವಾಗಿದ್ದು ಗೌರಿ ಹಬ್ಬದ ಹಿಂದಿನ ದಿನ. ಬಾಗಿಲಿಗೆ ರಂಗೋಲಿ ಹಾಕಿ ಏಳೋಕೆ ಹೋದೆ, ಬಲಗಡೆ ಸೊಂಟ ಚಳಕ್ ಅಂದಿತು. ಹಬ್ಬದ ಕೆಲಸ ಜಾಸ್ತಿಯಾಗಿರಬೇಕು ಅಂದುಕೊಂಡು ಬಿಸಿನೀರು ಹುಯ್ದುಕೊಂಡು ಮಲಗಿದೆ. ಗಣೇಶನನ್ನು ಬಿಟ್ಟಾಯಿತು, ದಸರಾ ಬಂತು, ದೀಪಾವಳಿಯೂ ಮುಗಿಯಿತು. ನೆಂಟರ ಹಾಗೆ ಬಂದ ನೋವು ಮನೆಯವರ ಹಾಗೆ ಉಳಿದುಬಿಟ್ಟಿತು.

ಹಾಸನದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಪ್ರಾಥಮಿಕ ಶಾಲೆ ಟೀಚರ್. ಆಗ ನನಗೆ 54. ನಲಿ-ಕಲಿ ತರಗತಿ ಅಂದರೆ ಮಕ್ಕಳ ಜೊತೆ ನೆಲದ ಮೇಲೆ ಸುತ್ತ ಕೂತು ಪಾಠ ಮಾಡಬೇಕು. ಕೂರೋಕೆ ಕಷ್ಟ, ಕೂತರೆ ಏಳೋಕೆ ಇನ್ನೂ ಕಷ್ಟ. ನೋವು ಸೊಂಟದಿಂದ ಹೊರಟು ತೊಡೆಯ ಮುಂಭಾಗದಲ್ಲಿ ಇಳಿದು ಮಂಡಿ ಹತ್ತಿರ ನಿಲ್ಲುತ್ತಿತ್ತು.

ಸಲಹೆಗೇನೂ ಬರವಿರಲಿಲ್ಲ. ಪಕ್ಕದ ಮನೆ ಅಕ್ಕ ಎಕ್ಕದ ಎಲೆ ಬಿಸಿ ಮಾಡಿ ಕಟ್ಟು ಅಂದರು. ನಮ್ಮತ್ತೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿಕೊಟ್ಟರು. ಸ್ಟಾಫ್ ರೂಮಿನಲ್ಲಿ ಒಬ್ಬರು ತಮ್ಮ ಬೆಲ್ಟನ್ನೇ ಬಿಚ್ಚಿಕೊಟ್ಟರು. ಎಲ್ಲ ಮಾಡಿದ್ದಾಯಿತು.

ಕೊನೆಗೆ ಡಾಕ್ಟರ ಹತ್ತಿರ ಹೋಗಿ, "ಸೊಂಟ ನೋವು ಸಾರ್, ಕಾಲಿಗೂ ಇಳಿಯುತ್ತೆ" ಅಂದೆ. ಬೆನ್ನಿನ ಎಂಆರ್‌ಐ ಆಯಿತು. ಸೊಂಟದ ಭಾಗದ ನಾಲ್ಕನೇ, ಐದನೇ ಬೆನ್ನುಮೂಳೆ ನಡುವಿನ ಡಿಸ್ಕ್ ಉಬ್ಬಿದೆ, ನರ ಒತ್ತುತ್ತಿದೆ, ಇದು ಸಯಾಟಿಕಾ ಅಂದರು. ಕಾರಣ ಸಿಕ್ಕಿತಲ್ಲ ಅಂತ ಸಮಾಧಾನವೇ ಆಯಿತು. ಒಂದು ವರ್ಷ ಮಾತ್ರೆ, ಟ್ರ್ಯಾಕ್ಷನ್, ಬೆನ್ನಿನ ವ್ಯಾಯಾಮ. ಮಾತ್ರೆ ನುಂಗಿ ನುಂಗಿ ಗ್ಯಾಸ್ಟ್ರಿಕ್ ಬಂತೇ ಹೊರತು ನೋವು ಹೋಗಲಿಲ್ಲ. "ಇನ್ನು ಆಪರೇಷನ್ನೇ ದಾರಿ" ಅಂದರು. ದಿನವೂ ಗೊತ್ತಾಯಿತು. ಇನ್ನು ನೆಲದ ಮೇಲೆ ಕೂರೋದು ನನ್ನಿಂದಾಗದು, ಸ್ವಯಂ ನಿವೃತ್ತಿ ತಗೊಂಡುಬಿಡೋಣ ಅಂತ ಅರ್ಜಿಯನ್ನೂ ಬರೆದಿಟ್ಟೆ.

"ಬೆರಳಿಟ್ಟು ತೋರಿಸಿ"

ಮಗಳು ಫೋನಿನಲ್ಲೇ ಹಟ ಹಿಡಿದಳು. "ಅಮ್ಮಾ, ಬೆನ್ನಿನ ಆಪರೇಷನ್ ಕಣೇ, ಇನ್ನೊಬ್ಬರನ್ನ ಕೇಳದೆ ಮಾಡಿಸ್ಕೋಬೇಡ." ಅವಳ ಬಲವಂತಕ್ಕೆ ಒಬ್ಬ ಹಿರಿಯ ಮೂಳೆ ಡಾಕ್ಟರ ಹತ್ತಿರ ಹೋದೆವು. ನಾನು ಸ್ಕ್ಯಾನಿನ ದೊಡ್ಡ ಕವರ್ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

"ಅದನ್ನ ಆಮೇಲೆ ನೋಡೋಣ ಟೀಚರ್. ಮೊದಲು ಬಾಗಿಲ ತನಕ ನಡೆದು ಬನ್ನಿ."

ನಡೆದು ಬಂದೆ.

"ಈಗ ಹೇಳಿ, ಸೊಂಟ ಅಂದ್ರೆ ಎಲ್ಲಿ? ಬೆರಳಿಟ್ಟು ತೋರಿಸಿ."

ಕೈ ತಾನಾಗಿಯೇ ಹೋಯಿತು. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ತೊಡೆಸಂದಿನ ಮೇಲೆ, ಇಂಗ್ಲಿಷಿನ ಸಿ ಅಕ್ಷರದ ಹಾಗೆ. ಡಾಕ್ಟರು ನಕ್ಕರು.

"ಚಕ್ಕಳಮಕ್ಕಳ ಹಾಕಿ ಕೂರ್ತೀರಾ?"

"ಇಲ್ಲ ಸಾರ್."

"ಕಾಲಿನ ಉಗುರು ಯಾರು ಕತ್ತರಿಸ್ತಾರೆ?"

ನಾನು ತಲೆ ತಗ್ಗಿಸಿದೆ. "ಎಂಟು ತಿಂಗಳಿಂದ ನಾನೇ ಸಾರ್" ಅಂದರು ನಮ್ಮ ಯಜಮಾನರು.

ಮಲಗಿಸಿ, ಕಾಲು ನೆಟ್ಟಗೆ ಎತ್ತಿದರು. ಕಾಲಿಗೆ ಯಾವ ಸೆಳೆತವೂ ಬರಲಿಲ್ಲ. ಮಂಡಿ ಮಡಚಿ ಪಾದವನ್ನು ಹೊರಗಡೆಗೆ ತಿರುಗಿಸಿದರು ನೋಡಿ, "ಅಯ್ಯೋ, ಇದೇ ನೋವು!" ಅಂತ ಕೂಗಿಬಿಟ್ಟೆ. ಇಷ್ಟು ದಿನದಲ್ಲಿ ಯಾರೂ ನನ್ನ ಕಾಲನ್ನು ಹಾಗೆ ತಿರುಗಿಸಿ ನೋಡಿರಲಿಲ್ಲ.

ಒಂದು ಸಾಧಾರಣ ಎಕ್ಸ್‌ರೇ ತೆಗೆಸಿದರು. ತೊಡೆಮೂಳೆಯ ತುದಿ ಚೆಂಡಿನ ಹಾಗೆ ಬಟ್ಟಲೊಳಗೆ ಕೂತಿರುತ್ತದೆ. ಎಡಗಡೆ ಎರಡರ ನಡುವೆ ಚೆನ್ನಾಗಿ ಸಂದು ಕಾಣುತ್ತಿತ್ತು. ಬಲಗಡೆ ಮೆತ್ತನೆಯ ಪದರ ಸವೆದು ಮೂಳೆಗೆ ಮೂಳೆ ತಾಗುವಂತಿತ್ತು. ಅನುಮಾನ ಉಳಿಯಬಾರದು ಅಂತ ಸ್ಕ್ಯಾನಿಂಗ್ ನೋಡಿಕೊಂಡು ಆ ಕೀಲಿನೊಳಗೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅವತ್ತು ಸಂಜೆ ತನಕ ಸೊಂಟ, ತೊಡೆ, ಮಂಡಿ ಎಲ್ಲೂ ನೋವಿಲ್ಲ! ಬೆನ್ನನ್ನು ಯಾರೂ ಮುಟ್ಟಿರಲಿಲ್ಲ.

"ಹಾಗಾದ್ರೆ ಎಂಆರ್‌ಐ ಸುಳ್ಳಾ ಸಾರ್?"

"ಸುಳ್ಳಲ್ಲ, ಡಿಸ್ಕ್ ಉಬ್ಬಿರೋದು ನಿಜ. ಆದ್ರೆ 50 ದಾಟಿದ, ಬೆನ್ನುನೋವೇ ಇಲ್ಲದವರನ್ನ ಸ್ಕ್ಯಾನ್ ಮಾಡಿದ್ರೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದು ಕಾಣುತ್ತೆ, ಕೂದಲು ನೆರೆತ ಹಾಗೆ. ಕಂಡಿದ್ದೆಲ್ಲ ನೋವಿಗೆ ಕಾರಣ ಅಲ್ಲ."

ಮಂಡಿಯಲ್ಲಿ ಯಾಕೆ ನೋವು ಅಂದರೆ, ತೊಡೆಕೀಲಿಗೂ ಮಂಡಿಗೂ ಹೋಗುವ ಕೆಲವು ನರಗಳು ಒಂದೇ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಅಳು.

ಮೊದಲಿನ ಡಾಕ್ಟರ ಮೇಲೆ ನನಗೆ ಕೋಪವಿಲ್ಲ. ನಾನು ಹೇಳಿದ್ದಾದರೂ ಏನು? "ಸೊಂಟ ನೋವು" ಅಷ್ಟೇ. ನಮ್ಮ ಮಾತಿನಲ್ಲಿ ಬೆನ್ನಿನ ಕೆಳಭಾಗವೂ ಸೊಂಟ, ಕಾಲು ಸೇರುವ ಕೀಲೂ ಸೊಂಟ. ಆ ಒಂದು ಪದದಲ್ಲಿ ನನ್ನ ರೋಗ ಒಂದೂವರೆ ವರ್ಷ ಬಚ್ಚಿಟ್ಟುಕೊಂಡಿತ್ತು.

ಡಾಕ್ಟರ ಹತ್ತಿರ ಹೋಗೋ ಮುಂಚೆ

ಅವರು ಬಿಡಿಸಿ ಹೇಳಿದ್ದನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ. ನಿಮಗೂ ಉಪಯೋಗವಾಗಲಿ.

• ನೋವು ಮಂಡಿ ದಾಟಿ ಪಾದದ ತನಕ ಹೋಗಿ, ಜುಮ್ ಅಂದು, ಕೆಮ್ಮಿದರೆ ಸೀನಿದರೆ ಜಾಸ್ತಿಯಾದರೆ ಬೆನ್ನಿನ ನರದ ಕಡೆ ಬೊಟ್ಟು ಮಾಡುತ್ತದೆ.

• ತೊಡೆಸಂದಿನಲ್ಲಿ ನೋವು, ಚಕ್ಕಳಮಕ್ಕಳ ಹಾಕೋಕೆ, ಚಪ್ಪಲಿ ಪಟ್ಟಿ ಕಟ್ಟೋಕೆ ಕಷ್ಟ ಅಂದರೆ ತೊಡೆಕೀಲನ್ನೂ ನೋಡಿಸಿ.

• ನಿಂತರೆ, ನಡೆದರೆ ಕಾಲು ಭಾರವಾಗಿ, ಕೂತರೆ ಅಥವಾ ಮುಂದೆ ಬಾಗಿದರೆ ಹಗುರಾದರೆ ಬೆನ್ನುಹುರಿಯ ದಾರಿ ಕಿರಿದಾಗಿರಬಹುದು.

• ನಡೆದಾಗ ಮೀನಖಂಡ ಹಿಡಿದು, ಸುಮ್ಮನೆ ನಿಂತರೂ ಬಿಟ್ಟರೆ ರಕ್ತನಾಳ ಪರೀಕ್ಷಿಸಬೇಕು. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಮರೆಯಬೇಡಿ.

• ಮೂತ್ರ, ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದಿರುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೂ ತಡ ಮಾಡಬೇಡಿ. ಬೆನ್ನುಮೂಳೆಗೆ ಕ್ಷಯವೂ ಬರುತ್ತದೆ.

ಬೆನ್ನಿನ ಆಪರೇಷನ್ ಬಿಟ್ಟೆ. ಈಗ ನನಗೆ 56. ಆರು ಕೆಜಿ ಇಳಿದಿದ್ದೇನೆ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ನಡೆದಿದೆ. ಊರುಗೋಲು ಎಡಗೈಯಲ್ಲಿ. ನೋವಿರುವ ಕಾಲಿನ ಎದುರುಗಡೆ ಕೈಯಲ್ಲಿ ಹಿಡಿದರೇ ಕೀಲಿನ ಭಾರ ಕಮ್ಮಿಯಾಗೋದು ಅಂತ ಗೊತ್ತಾಗಿದ್ದೂ ಆಮೇಲೆ. ಮುಂದೆ ಕೀಲು ಬದಲಿಸಬೇಕಾಗಬಹುದು. ಅದಕ್ಕೆ ಮನಸ್ಸು ಸಿದ್ಧವಾಗಿದೆ, ಯಾಕೆಂದರೆ ಯಾವುದಕ್ಕೆ ಮಾಡಿಸಿಕೊಳ್ಳುತ್ತಿದ್ದೇನೆ ಅಂತ ಗೊತ್ತಿದೆ. ನಿವೃತ್ತಿ ಅರ್ಜಿ ಹರಿದುಹಾಕಿದೆ. ಮಕ್ಕಳು ನೆಲದ ಮೇಲೆ, ನಾನು ಕುರ್ಚಿ ಮೇಲೆ. ನಲಿ-ಕಲಿ ನಡೆಯುತ್ತಿದೆ.

ನಿಮ್ಮನೆಯಲ್ಲೂ ಯಾರಾದರೂ ಸೊಂಟ ನೋವು ಅಂತ ನರಳುತ್ತಿದ್ದರೆ, ಎಣ್ಣೆ ಕಾಯಿಸೋ ಮುಂಚೆ ಒಂದು ಮಾತು ಕೇಳಿ: "ಎಲ್ಲಿ? ಬೆರಳಿಟ್ಟು ತೋರಿಸು."