ಕಡತದ ಹಿಂದಿನ ಕೈಗಳು

ತಾಲ್ಲೂಕು ಕಚೇರಿಗೆ ಅಲೆದವರಿಗೆ ತಹಶೀಲ್ದಾರರ ಹೆಸರು ನೆನಪಿರದಿದ್ದರೂ ತಮ್ಮ ಅರ್ಜಿ ಯಾವ ಗುಮಾಸ್ತರ ಮೇಜಿನ ಮೇಲಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಸಹಿ ಹಾಕುವವರು ಅಧಿಕಾರಿಗಳು, ನಿಜ. ಆದರೆ ಕಾಗದವನ್ನು ಆ ಸಹಿಯವರೆಗೆ ಒಯ್ಯುವ ಕೈಗಳು ಬೇರೆಯೇ ಇವೆ.

ಗುಮಾಸ್ತ, ಶಿರಸ್ತೇದಾರ, ದಫೇದಾರ, ಜವಾನ ಇವೆಲ್ಲ ಪಾರಸಿ ಮೂಲದ ಹೆಸರುಗಳು. ಗುಮಾಸ್ತನೆಂದರೆ ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ನೇಮಕಗೊಂಡವನು. ಜವಾನನೆಂದರೆ ಯುವಕ, ನಿವೃತ್ತಿಯ ಅಂಚಿನಲ್ಲಿದ್ದರೂ ಆತ ಜವಾನನೇ! ಇನ್ನು ಕಡತವೆಂದರೆ ಹಿಂದೆ, ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ.

ಹಳ್ಳಿಯಲ್ಲಿ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. ಹುದ್ದೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಯಾರ ಹೊಲ ಎಷ್ಟು, ಕಂದಾಯ ಎಷ್ಟು ಎಂಬುದೆಲ್ಲ ಒಂದೇ ಮನೆಯ ಪುಸ್ತಕದಲ್ಲಿ. ಅಕ್ಷರ ಬಾರದ ರೈತ ಅದನ್ನು ಪರೀಕ್ಷಿಸುವುದಾದರೂ ಹೇಗೆ? ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ 1961ರಲ್ಲಿ ಬಂದು 1963ರಲ್ಲಿ ಜಾರಿಯಾಯಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಅವರೇ ಇಂದಿನ ಗ್ರಾಮ ಆಡಳಿತಾಧಿಕಾರಿಗಳು.

ಕಚೇರಿಯಲ್ಲಾದರೋ ಕೆಲಸ ಹಲವರಿಗೆ ಹಂಚಿಹೋಗಿದೆ. ಟಪ್ಪಾಲು ನೋಡುವವರು ಬಂದ ಅರ್ಜಿಗೆ ಸಂಖ್ಯೆ, ದಿನಾಂಕ ಹಾಕುತ್ತಾರೆ. ವಿಷಯ ನಿರ್ವಾಹಕರು, ಅಂದರೆ ಸಾಮಾನ್ಯವಾಗಿ ಪ್ರಥಮ ಅಥವಾ ದ್ವಿತೀಯ ದರ್ಜೆ ಸಹಾಯಕರು, ಹಳೆಯ ದಾಖಲೆ ಹುಡುಕಿ ಟಿಪ್ಪಣಿ ಬರೆಯುತ್ತಾರೆ. ಶಿರಸ್ತೇದಾರರು ಅದನ್ನು ಪರಿಶೀಲಿಸುತ್ತಾರೆ. ಅಧಿಕಾರಿಯ ಸಹಿಯಾದ ಮೇಲೆ ಆದೇಶ ರವಾನೆಗೆ, ಕೊನೆಗೆ ಕಡತ ದಾಖಲೆ ಕೊಠಡಿಗೆ ಹೋಗುತ್ತದೆ.

ಇಷ್ಟು ಮೇಜು ದಾಟುವುದರಿಂದ ವಿಳಂಬವಾಗುವುದು ಸುಳ್ಳಲ್ಲ. ಕೆಲವು ಮೇಜುಗಳು ಸುಂಕದ ಕಟ್ಟೆಗಳಾಗುವುದೂ ಉಂಟು. ಆದರೆ ಪ್ರತಿ ಮೇಜಿನಲ್ಲೂ ಒಂದು ಗುರುತು ಉಳಿಯುತ್ತದೆ. ಒಬ್ಬರೇ ಕುಳಿತು ಸದ್ದಿಲ್ಲದೆ ತಿದ್ದುವುದು ಕಷ್ಟ. ಅರ್ಜಿ ಕೊಟ್ಟವರು ಸ್ವೀಕೃತಿ ಸಂಖ್ಯೆಯನ್ನು ಜೋಪಾನ ಮಾಡಬೇಕಾದದ್ದು ಇದಕ್ಕಾಗಿಯೇ. ಕಾಗದ ಎಲ್ಲಿ ನಿಂತಿದೆಯೆಂದು ಕೇಳುವ ಹಕ್ಕಿಗೆ ಆ ಸಂಖ್ಯೆಯೇ ಆಧಾರ.

ಕಂಪ್ಯೂಟರ್ ಬಂದು ಬೆರಳಚ್ಚು ಯಂತ್ರದ ಸದ್ದು ಅಡಗಿತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದ ಮೇಲೆ ಕೈಬರಹದ ಪಹಣಿಯೂ ಹೋಯಿತು. ಆದರೂ ಯಂತ್ರ ಮುದ್ರಿಸುವುದು ಯಾರೋ ಒಬ್ಬರು ನಮೂದಿಸಿದ ಹೆಸರನ್ನೇ. ಅಲ್ಲಿ ಒಂದಕ್ಷರ ತಪ್ಪಿದರೆ, ಆ ತಪ್ಪೂ ಅಷ್ಟೇ ಅಚ್ಚುಕಟ್ಟಾಗಿ ಮುದ್ರಣವಾಗುತ್ತದೆ. ರೈತನ ಪಾಲಿಗೆ ಆ ಒಂದಕ್ಷರವೇ ಹೊಲ.