ಹೆಣ್ಣುನಾಯಿಗೆ ‘ಒಂದು ಸಲವಾದರೂ’ ಮರಿ ಹಾಕಿಸಲೇಬೇಕೆ? ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ನಾಯಿ ಸಾಕುವವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎರಡು ಬಗೆಯ ಮೆಸೇಜ್‌ಗಳು ಮತ್ತೆ ಮತ್ತೆ ಬರುತ್ತವೆ. ಒಂದು, ತಮ್ಮ ಲ್ಯಾಬ್ರಡಾರ್‌ಗೋ ಶಿಟ್ಜುಗೋ ಮೇಟಿಂಗ್‌ಗೆ ಗಂಡು ಬೇಕೆಂಬ ವಿಚಾರಣೆ. ಇನ್ನೊಂದು, ಹೆಣ್ಣುನಾಯಿ ಒಂದು ಸಲವಾದರೂ ಮರಿ ಹಾಕದಿದ್ದರೆ ಗರ್ಭಕೋಶದ ಕಾಯಿಲೆ, ಸ್ತನದ ಕ್ಯಾನ್ಸರ್ ಬರುತ್ತದೆ, ಮಂಕಾಗಿಬಿಡುತ್ತದೆ ಎಂದು ಹೆದರಿಸುವ ಫಾರ್ವರ್ಡ್. ಎರಡನೆಯದನ್ನು ನಂಬಿ ಮೊದಲನೆಯದನ್ನು ಹಾಕುವವರೂ ಇದ್ದಾರೆ. ನಾಯಿಯ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ ಎನ್ನುವುದು ಬೇಸರದ ಸಂಗತಿ.

ನೇರವಾಗಿ ಹೇಳುವುದಾದರೆ, ಆ ಫಾರ್ವರ್ಡ್ ಸುಳ್ಳು. ಮರಿ ಹಾಕಿಸುವುದು ನಾಯಿಯ ಆರೋಗ್ಯಕ್ಕೆ ಔಷಧಿಯಲ್ಲ. ಅದೇ ಒಂದು ಅಪಾಯ.

ಗರ್ಭಕೋಶದ ಕಾಯಿಲೆ ಬರುವುದು ಹೇಗೆ?

ಫಾರ್ವರ್ಡ್‌ನಲ್ಲಿ ಹೇಳುವ ಕಾಯಿಲೆ ಇರುವುದು ನಿಜ. ಅದರ ಹೆಸರು ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬಿಕೊಳ್ಳುವುದು. ನಾಯಿ ಪ್ರತಿ ಸಲ ಹೀಟ್‌ಗೆ ಬಂದು ಹೋದ ಮೇಲೆ, ಗಬ್ಬವಾಗಿರಲಿ ಆಗದಿರಲಿ, ಸುಮಾರು ಎರಡು ತಿಂಗಳು ಅದರ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಹೆಚ್ಚಾಗಿಯೇ ಇರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಅಲ್ಲಿಯ ರೋಗನಿರೋಧಕ ಶಕ್ತಿ ತಗ್ಗುತ್ತದೆ. ಆಗ ಬ್ಯಾಕ್ಟೀರಿಯಾ ಒಳಸೇರಿದರೆ ಕೀವಾಗುತ್ತದೆ. ವರ್ಷ ವರ್ಷವೂ ಇದು ಮರುಕಳಿಸುವುದರಿಂದ ವಯಸ್ಸಾದಂತೆ ಅಪಾಯ ಹೆಚ್ಚು. ಸ್ವೀಡನ್‌ನ ನಾಯಿ ವಿಮೆಯ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ಆಪರೇಷನ್ ಆಗದ ಹೆಣ್ಣುನಾಯಿಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇದು ಬರುತ್ತದೆ ಎಂದು ಕಂಡುಕೊಂಡಿದ್ದಾರೆ.

ಒಂದು ಸಲ ಮರಿ ಹಾಕಿದರೆ ಈ ಚಕ್ರ ನಿಲ್ಲುವುದಿಲ್ಲ. ಮುಂದಿನ ಹೀಟ್, ಮತ್ತೆ ಅದೇ ಹಾರ್ಮೋನ್. ಇದನ್ನು ತಡೆಯುವುದು ಗರ್ಭಕೋಶ, ಅಂಡಾಶಯ ತೆಗೆಯುವ ಆಪರೇಷನ್. ಹೀಟ್ ಮುಗಿದ ಒಂದೆರಡು ತಿಂಗಳಲ್ಲಿ ನಿಮ್ಮ ನಾಯಿ ಬಹಳ ನೀರು ಕುಡಿಯುತ್ತಿದ್ದರೆ, ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ ಅದೇ ದಿನ ಡಾಕ್ಟರ ಬಳಿ ಕರೆದೊಯ್ಯಿರಿ. ಕೀವು ಹೊರಗೆ ಬಾರದೆ ಒಳಗೇ ಉಳಿಯುವುದೂ ಉಂಟು, ಹಾಗಾಗಿ ಸ್ರಾವ ಕಾಣಲಿ ಎಂದು ಕಾಯಬೇಡಿ.

ಸ್ತನದ ಗೆಡ್ಡೆಯ ವಿಷಯ ಇಷ್ಟು ಸರಳವಲ್ಲ. ಮೊದಲ ಹೀಟ್‌ಗೂ ಮುಂಚೆ ಆಪರೇಷನ್ ಮಾಡಿಸಿದರೆ ಅಪಾಯ ಬಹಳ ಇಳಿಯುತ್ತದೆ ಎಂಬ ಮಾತಿಗೆ 1969ರ ಅಮೆರಿಕದ ಒಂದು ಅಧ್ಯಯನ ಮುಖ್ಯ ಆಧಾರ. ಈ ಆಧಾರಗಳು ಅಷ್ಟು ಗಟ್ಟಿಯಲ್ಲ ಎಂದು 2012ರ ವಿಮರ್ಶೆಯೊಂದು ಹೇಳಿತು. ಆದರೆ ಒಮ್ಮೆ ಮರಿ ಹಾಕಿದರೆ ಕ್ಯಾನ್ಸರ್ ತಪ್ಪುತ್ತದೆ ಎನ್ನುವ ಫಾರ್ವರ್ಡ್‌ಗೆ ಅಷ್ಟು ಆಧಾರವೂ ಇಲ್ಲ.

‘ಪಾಪ, ಅದಕ್ಕೂ ತಾಯಿಯಾಗುವ ಆಸೆ ಇರುತ್ತೆ’ ಎನ್ನುವವರು ಸಾಮಾನ್ಯವಾಗಿ ನೋಡಿರುವುದು ಸುಳ್ಳು ಗರ್ಭವನ್ನು. ಹೀಟ್ ಮುಗಿದ ಕೆಲವು ವಾರಕ್ಕೆ ನಾಯಿ ಗೊಂಬೆಯನ್ನು ಮರಿಯಂತೆ ಎತ್ತಿಕೊಂಡು ತಿರುಗುತ್ತದೆ, ಮೂಲೆಯಲ್ಲಿ ಬಟ್ಟೆ ಗುಡ್ಡೆ ಹಾಕುತ್ತದೆ, ಹಾಲೂ ಬರಬಹುದು. ಇದು ಹಾರ್ಮೋನ್ ಆಟ, ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ. ಗಂಡುನಾಯಿಗೆ ಒಂದು ಮೇಟಿಂಗ್ ಆದರೆ ಶಾಂತವಾಗುತ್ತದೆ ಎನ್ನುವ ಮಾತೂ ಹಾಗೇ, ಬರೀ ಮಾತು.

ಹಾಗಾದರೆ ಮರಿ ಮಾಡಿಸುವುದೇ ತಪ್ಪೇ?

ಅಲ್ಲ. ಆದರೆ ಕಾರಣ ಬೇರೆ ಇರಬೇಕು. ಮುಧೋಳ ತಾಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮುಧೋಳ ತಳಿಯನ್ನು ಉಳಿಸಲೆಂದೇ ಮರಿ ಮಾಡಿಸುತ್ತಾರೆ. ಫ್ಲ್ಯಾಟಿನಲ್ಲಿರುವ ನಮ್ಮಂಥವರ ಪ್ರಶ್ನೆ ಚಿಕ್ಕದು: ಈ ನಾಯಿಯ ಆರೋಗ್ಯ, ಸ್ವಭಾವ ಎರಡೂ ಮರಿಗಳಿಗೆ ದಾಟಿಸುವಷ್ಟು ಚೆನ್ನಾಗಿವೆಯೇ? ಹುಟ್ಟುವ ಎಲ್ಲ ಮರಿಗಳಿಗೂ ಮನೆ ಸಿಗುತ್ತದೆಯೇ?

ಮೊದಲನೆಯದಕ್ಕೆ ಉತ್ತರ ಕಣ್ಣಳತೆಯಲ್ಲಿ ಸಿಗುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ದೋಷ ವಂಶದಲ್ಲಿ ಬರುತ್ತದೆ; ಎಳೆ ವಯಸ್ಸಿನಲ್ಲಿ ಚೆನ್ನಾಗಿ ಓಡುವ ನಾಯಿಗೂ ಅದು ಇರಬಹುದು, ಎಕ್ಸ್‌ರೇ ಬೇಕು. ಪಗ್, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಉಸಿರಾಟವೇ ಕಷ್ಟ, ಸಿಸೇರಿಯನ್ ಬೇಕಾಗುವ ಸಂಭವವೂ ಹೆಚ್ಚು. ಮೊದಲ ಸಲದವರು ಈ ತಳಿಗಳ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಇನ್ನು ಗಂಡು, ಹೆಣ್ಣು ಎರಡಕ್ಕೂ ಬ್ರುಸೆಲ್ಲಾ ರಕ್ತಪರೀಕ್ಷೆ ಆಗಲೇಬೇಕು. ಮೇಟಿಂಗ್‌ನಿಂದ ಹರಡುವ ಈ ಸೋಂಕು ಗರ್ಭಪಾತ ಮಾಡಿಸುತ್ತದೆ, ಮನುಷ್ಯರಿಗೂ ಅಂಟಬಹುದು. ‘ಕೆಸಿಐ ಪೇಪರ್ ಇದೆ’ ಎಂದರೆ ಸಾಲದು. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಆ ಕಾಗದ ವಂಶಾವಳಿಯನ್ನು ಹೇಳುತ್ತದೆ, ಆರೋಗ್ಯವನ್ನಲ್ಲ.

ಕಾನೂನೂ ಇದೆ. ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ತಂದಿತು. ಅದರಂತೆ ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. 18 ತಿಂಗಳು ತುಂಬದ ಹೆಣ್ಣುನಾಯಿಗೆ ಮೇಟಿಂಗ್ ಮಾಡಿಸುವಂತಿಲ್ಲ, 8 ವರ್ಷ ದಾಟಿದ ಮೇಲೆ ಬೇಡ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ‘ಮೊದಲ ಹೀಟ್‌ಗೇ ಕ್ರಾಸ್ ಮಾಡಿಸಿ’ ಎನ್ನುವ ಸಲಹೆ ಯಾರಾದರೂ ಕೊಟ್ಟರೆ, ಮೊದಲ ಹೀಟ್ ಸಾಮಾನ್ಯವಾಗಿ ಬರುವುದು ಆರರಿಂದ ಹನ್ನೆರಡು ತಿಂಗಳಿಗೆ ಎಂದು ನೆನಪಿಸಿ. ಅದು ಇನ್ನೂ ಮರಿಯೇ.

ಗಬ್ಬದ ನಾಯಿಗೆ ಕ್ಯಾಲ್ಸಿಯಂ ಟಾನಿಕ್ ಕೊಡಬೇಕೆ?

ಮೇಟಿಂಗ್ ವೇಳೆ ಎರಡೂ ನಾಯಿಗಳು ಅರ್ಧ ಗಂಟೆಯವರೆಗೂ ಅಂಟಿಕೊಂಡಿರುವುದು ಸಹಜ. ನೀರು ಎರಚಿ, ಎಳೆದು ಬಿಡಿಸಿದರೆ ಎರಡಕ್ಕೂ ಗಾಯವಾಗುತ್ತದೆ. ಬೀದಿನಾಯಿಗಳಿಗೂ ಇದೇ ಮಾತು. ಅಲ್ಲಿಂದ ಸುಮಾರು 63 ದಿನಕ್ಕೆ ಹೆರಿಗೆ, ನಾಲ್ಕೈದು ದಿನ ಹಿಂದೆ ಮುಂದೆ ಆಗಬಹುದು.

ಈ ಎರಡು ತಿಂಗಳಲ್ಲಿ ಒಳ್ಳೆಯದೆಂದುಕೊಂಡು ಮಾಡುವ ಒಂದು ಕೆಲಸ ತಿರುಗುಬಾಣವಾಗುತ್ತದೆ. ಬಸುರಿ ಹೆಂಗಸರಿಗೆ ಕ್ಯಾಲ್ಸಿಯಂ ಮಾತ್ರೆ ಕೊಡುವುದನ್ನು ನೋಡಿ ನಾಯಿಗೂ ಸಿರಪ್ ಹಾಕುತ್ತಾರೆ. ನಾಯಿಯ ದೇಹ ಬೇಕಾದಾಗ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ವ್ಯವಸ್ಥೆ ಇಟ್ಟುಕೊಂಡಿದೆ. ಹೊರಗಿನಿಂದ ಸುರಿಯುತ್ತಿದ್ದರೆ ಆ ವ್ಯವಸ್ಥೆ ಸುಮ್ಮನಾಗುತ್ತದೆ. ಮರಿಗಳು ಹಾಲು ಕುಡಿಯಲು ಶುರುಮಾಡಿ ಬೇಡಿಕೆ ಒಮ್ಮೆಲೇ ಏರಿದಾಗ ಅದು ತಕ್ಷಣ ಎಚ್ಚರವಾಗುವುದಿಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತದೆ. ತಾಯಿನಾಯಿ ಏದುಸಿರು ಬಿಡುತ್ತದೆ, ನಡುಗುತ್ತದೆ, ನಡಿಗೆ ಸೆಟೆಯುತ್ತದೆ, ಫಿಟ್ಸ್ ಬರುತ್ತದೆ. ಚಿಕ್ಕ ತಳಿಗಳಲ್ಲಿ, ಹೆರಿಗೆಯಾದ ಎರಡರಿಂದ ನಾಲ್ಕು ವಾರಗಳಲ್ಲಿ ಇದು ಹೆಚ್ಚು. ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಮರಿಗಳನ್ನು ಬೇರ್ಪಡಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗಬ್ಬದ ಕೊನೆಯ ಮೂರು ವಾರ ಮತ್ತು ಹಾಲೂಡುವಾಗ ಒಳ್ಳೆಯ ಗುಣಮಟ್ಟದ ಪಪ್ಪಿ ಫುಡ್ ಕೊಟ್ಟರೆ ಸಾಕು, ಡಾಕ್ಟರು ಹೇಳದ ಹೊರತು ಟಾನಿಕ್ ಬೇಡ.

ಹೆರಿಗೆಯ ರಾತ್ರಿ

ಗಬ್ಬ 55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿದರೆ ಎಷ್ಟು ಮರಿಗಳಿವೆ ಎಂದು ಲೆಕ್ಕ ಸಿಗುತ್ತದೆ. ಒಳಗೆ ಇನ್ನೂ ಉಳಿದಿದೆಯೇ ಎನ್ನುವ ಗೊಂದಲ ರಾತ್ರಿ ಎರಡು ಗಂಟೆಗೆ ಇರುವುದಿಲ್ಲ. ಕೊನೆಯ ವಾರ ದಿನಕ್ಕೆರಡು ಸಲ ಗುದದ್ವಾರದಲ್ಲಿ ಜ್ವರ ನೋಡಿ. ಸಾಮಾನ್ಯವಾಗಿ 101ರ ಮೇಲಿರುವ ಫ್ಯಾರನ್‌ಹೀಟ್ ಅಂಕಿ 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರದಿದ್ದರೆ, ಎರಡು ಮರಿಗಳ ನಡುವೆ ಎರಡು ಗಂಟೆ ಮೀರಿದರೆ, ಮೊದಲ ಮರಿಗೂ ಮುಂಚೆ ಹಸಿರು ದ್ರವ ಕಂಡರೆ ಕಾಯಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ಕಡೆಯಿಂದ ಊರಿನ ಇನ್ನೊಂದು ತುದಿ. ನಿಮ್ಮ ಹತ್ತಿರ ರಾತ್ರಿ ಸಿಸೇರಿಯನ್ ಮಾಡುವ ಕ್ಲಿನಿಕ್ ಯಾವುದೆಂದು ಮೊದಲೇ ವಿಚಾರಿಸಿ, ನಂಬರ್ ಫೋನಿನಲ್ಲಿಟ್ಟುಕೊಳ್ಳಿ. ಅವರೇ ಫೋನ್ ಎತ್ತುತ್ತಾರೆಯೇ ಎಂದೂ ಕೇಳಿ.

ಹುಟ್ಟಿದ ಮರಿಗಳಿಗೆ ಮೊದಲ ವಾರಗಳಲ್ಲಿ ಮೈ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಬೆಂಗಳೂರಿನ ಡಿಸೆಂಬರ್ ಚಳಿ, ಮೊಸಾಯಿಕ್ ನೆಲ ಎರಡೂ ಅವಕ್ಕೆ ಆಗದು. ಮಲಗುವ ಜಾಗ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಡುಗೆಮನೆ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಡಿ. ತೂಕ ಏರದ ಮರಿಗೆ ಏನೋ ತೊಂದರೆ ಇದೆ ಎಂದು ಮೊದಲು ಹೇಳುವುದು ಆ ತಕ್ಕಡಿಯೇ.

ಎಂಟು ಮರಿ ಎಲ್ಲಿಗೆ ಹೋಗುತ್ತವೆ?

ಲ್ಯಾಬ್ರಡಾರ್ ಒಂದು ಸೂಲಿಗೆ ಏಳೆಂಟು ಮರಿ ಹಾಕುವುದು ಸಾಮಾನ್ಯ. ಮೇಟಿಂಗ್‌ಗೂ ಮುಂಚೆ ‘ನಮಗೊಂದು ಕೊಡಿ’ ಎಂದವರಲ್ಲಿ ಎಷ್ಟು ಜನ ಎರಡು ತಿಂಗಳ ಮರಿಯ ಹೇಲು ಬಾಚಲು ತಯಾರಿದ್ದಾರೆ, ಯಾರ ಮನೆಯ ಮಾಲೀಕರು ನಾಯಿಗೆ ಒಪ್ಪಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಿ. ಬಿಬಿಎಂಪಿಯ 2023ರ ಸಮೀಕ್ಷೆಯಲ್ಲಿ ನಗರದ ಬೀದಿಗಳಲ್ಲಿ ಎಣಿಕೆಗೆ ಸಿಕ್ಕ ನಾಯಿಗಳು ಸುಮಾರು 2.79 ಲಕ್ಷ. ಕ್ಯುಪಾದಂಥ ಸಂಸ್ಥೆಗಳ ಆಶ್ರಯಕ್ಕೆ ಬರುವುದು ಬೀದಿಯವು ಮಾತ್ರವಲ್ಲ, ಸಾಕಿದವರು ಕೈಬಿಟ್ಟ ಜಾತಿನಾಯಿಗಳೂ ಇರುತ್ತವೆ.

ಅಂದಹಾಗೆ, ರಾಟ್‌ವೈಲರ್, ಪಿಟ್‌ಬುಲ್ ಸೇರಿ 23 ತಳಿಗಳಿಗೆ ನಿಷೇಧವಿದೆ ಎನ್ನುವ ಫಾರ್ವರ್ಡ್ ಇನ್ನೂ ಓಡಾಡುತ್ತಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಅಂಥ ಸುತ್ತೋಲೆ ಹೊರಡಿಸಿದ್ದು ನಿಜ. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು.

ಮರಿ ಕೊಡುವಾಗ ಎಂಟು ವಾರ ತುಂಬಿರಲಿ, ಜಂತುಹುಳುವಿನ ಔಷಧಿ ಮತ್ತು ಮೊದಲ ಲಸಿಕೆ ಆಗಿರಲಿ, ಲಸಿಕೆಯ ಕಾರ್ಡ್ ಜೊತೆಗಿರಲಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಬೇಕೆಂದು ಹೇಳಿ ಕಳಿಸಿ. ಸಾಕಲಾಗದಿದ್ದರೆ ಬೇರೆಯವರಿಗೆ ಕೊಡದೆ ನಮಗೇ ವಾಪಸ್ ತಂದುಕೊಡಿ ಎಂದು ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ತಾಯಿನಾಯಿಯ ಹಾಲು ಬತ್ತಿದ ಮೇಲೆ ಆಪರೇಷನ್ ಯಾವಾಗ ಎಂದು ಡಾಕ್ಟರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಿ.