ಎಲೆ ಮರೆಯ ಕಾಯಿಗೂ ಹೊಟ್ಟೆಕಿಚ್ಚೇ?

ಬಿಸಿ ಅನ್ನಕ್ಕೆ ಸಾರು ಬಡಿಸಿದಾಗ ಊಟಕ್ಕೆ ಕುಳಿತವರು ಹೊಗಳುವುದು ಒಗ್ಗರಣೆಯನ್ನು. ಇಂಗಿನ ಘಮ ಚೆನ್ನಾಗಿದೆ, ಕರಿಬೇವು ಹದವಾಗಿ ಬಿದ್ದಿದೆ ಅಂತಾರೆ. ತಳದಲ್ಲಿ ನುಣ್ಣಗೆ ಬೆಂದು ಕರಗಿಹೋದ ಬೇಳೆಯ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಬೇಳೆ ಬೇಯದೆ ಹೋದ ದಿನ ಮಾತ್ರ ಅದರ ನೆನಪು!

ಸಂಗೀತದಲ್ಲೂ ಇಂಥದೊಂದು ಬೇಳೆ ಉಂಟು. ಅದರ ಹೆಸರು ಬೇಸ್ ಗಿಟಾರು. ನೋಡಲು ಗಿಟಾರಿನಂತೆಯೇ ಇರುತ್ತದೆ. ಆದರೆ ಕತ್ತು ಉದ್ದ, ತಂತಿ ದಪ್ಪ. ಸಾಮಾನ್ಯವಾಗಿ ನಾಲ್ಕೇ ತಂತಿ. ದನಿ ಮಾತ್ರ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. ಇಳಯರಾಜಾ ಸಂಗೀತ ನೀಡಿದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ನೀವೆಲ್ಲ ಕೇಳಿಯೇ ಇದ್ದೀರಿ. ಮುಂದಿನ ಸಲ ಗಾಯಕರ ದನಿಯನ್ನು ಸ್ವಲ್ಪ ಬದಿಗಿಟ್ಟು, ಕೆಳಗಿನಿಂದ ‘ದುಂ ದುಂ’ ಎಂದು ಹೆಜ್ಜೆ ಹಾಕುವ ದನಿಯನ್ನು ಹಿಂಬಾಲಿಸಿ ನೋಡಿ. ಹಾಡನ್ನು ಹೊತ್ತು ನಡೆಯುತ್ತಿರುವುದು ಅದೇ.

ಹೀಗೆ ಹಿಂದಿನ ಸಾಲಿನಲ್ಲಿ ನಿಂತು, ಹೆಸರಿಗೆ ಆಸೆಪಡದೆ ನುಡಿಸುವವರಲ್ಲಿ ಹೊಟ್ಟೆಕಿಚ್ಚು ಎಲ್ಲಿಂದ ಬರಬೇಕು ಅಂತ ನಿಮಗೆ ಅನ್ನಿಸಬಹುದು. ಬರುತ್ತದೆ, ಧಾರಾಳವಾಗಿ ಬರುತ್ತದೆ. ಬೇಸ್ ವಾದಕನಿಗೆ ಗಾಯಕನ ಮೇಲೆ ಅಷ್ಟೇನೂ ಅಸೂಯೆ ಇಲ್ಲ. ಗಾಯಕನ ಲೋಕವೇ ಬೇರೆ. ಅವನ ಕಣ್ಣು ಚುಚ್ಚುವುದು ಇನ್ನೊಬ್ಬ ಬೇಸ್ ವಾದಕನನ್ನು ಕಂಡಾಗ. ಒಂದು ತಂಡಕ್ಕೆ ಸಾಮಾನ್ಯವಾಗಿ ಬೇಸ್ ವಾದಕ ಒಬ್ಬನೇ ಸಾಕು. ಅವನಿಗೆ ಕೆಲಸ ಸಿಕ್ಕಿತು ಎಂದರೆ ಇವನಿಗೆ ತಪ್ಪಿತು ಎಂದೇ ಅರ್ಥ.

ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ದೂರದ ಸಿನಿಮಾ ನಟಿಯ ಸೀರೆ ನಮ್ಮ ನಿದ್ದೆ ಕೆಡಿಸುವುದಿಲ್ಲ. ವಾರಗಿತ್ತಿಯ ಸೀರೆ ಕೆಡಿಸುತ್ತದೆ! ಒಂದೇ ಒಲೆಯ ಮುಂದೆ ನಿಂತವರ ನಡುವೆಯೇ ಹೋಲಿಕೆ ಹುಟ್ಟುವುದು. ಆದ್ದರಿಂದ ಆ ವಾದಕರು ಈ ಕಿಚ್ಚನ್ನು ಹೇಗೆ ನಿಭಾಯಿಸಿದರು ಎಂದು ತಿಳಿದರೆ ನಮಗೂ ಉಪಯೋಗವಿದೆ.

ಒಂದೇ ವಾರದಲ್ಲಿ ಹುಟ್ಟಿದ ಇಬ್ಬರು

ಇಂಗ್ಲೆಂಡಿನ ‘ಬೀಟಲ್ಸ್’ ತಂಡದ ಹೆಸರು ಕೇಳದವರು ಕಡಿಮೆ. ಆ ತಂಡದ ಪಾಲ್ ಮೆಕಾರ್ಟ್ನಿ ಬೇಸ್ ಹಿಡಿದದ್ದು ಇಷ್ಟಪಟ್ಟಲ್ಲ. 1961ರಲ್ಲಿ ಅವರ ಬೇಸ್ ವಾದಕ ತಂಡ ಬಿಟ್ಟಾಗ ಉಳಿದವರಲ್ಲಿ ಯಾರಿಗೂ ಆ ವಾದ್ಯ ಬೇಡವಾಗಿತ್ತು. ಹಿಂದೆ ನಿಂತು ನುಡಿಸುವವನ ಕಡೆ ಯಾರು ನೋಡುತ್ತಾರೆ ಎಂಬ ಅಳುಕು. ಕೊನೆಗೆ ಆ ಕೆಲಸ ಪಾಲ್ ಅವರ ಹೆಗಲಿಗೆ ಬಿತ್ತು.

ಸಮುದ್ರದಾಚೆ ಅಮೆರಿಕದ ‘ಬೀಚ್ ಬಾಯ್ಸ್’ ತಂಡದಲ್ಲಿ ಬ್ರಯನ್ ವಿಲ್ಸನ್. ವೇದಿಕೆಯ ಮೇಲೆ ಅವರ ವಾದ್ಯವೂ ಬೇಸೇ. ಇಬ್ಬರೂ ಹುಟ್ಟಿದ್ದು 1942ರ ಜೂನ್ ತಿಂಗಳಲ್ಲಿ, ಪಾಲ್ 18ರಂದು, ಬ್ರಯನ್ 20ರಂದು. ಹೋಲಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು?

1965ರ ಕೊನೆಗೆ ಬೀಟಲ್ಸ್ ತಂಡದ ‘ರಬ್ಬರ್ ಸೋಲ್’ ಹೊರಬಂತು. ಅದನ್ನು ಕೇಳಿ ಬ್ರಯನ್ ತಳಮಳಗೊಂಡರು. ಇಂಥದ್ದನ್ನು ನಾನೂ ಮಾಡಬೇಕು, ಇದಕ್ಕಿಂತ ಮಿಗಿಲಾಗಿ ಮಾಡಬೇಕು ಎಂದು ಹಟ ಹಿಡಿದರು. ಆ ಹಟದ ಫಲ 1966ರ ಮೇ ತಿಂಗಳಲ್ಲಿ ಬಂದ ‘ಪೆಟ್ ಸೌಂಡ್ಸ್’. ಈಗ ತಳಮಳದ ಸರದಿ ಪಾಲ್ ಅವರದು. ಅದರ ಬೇಸ್ ಕೇಳಿ ಅವರು ಬೆರಗಾದರು. ಮರು ವರ್ಷ, 1967ರಲ್ಲಿ, ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪರ್’ ಬಂತು. ಅದರಲ್ಲಿ ಪಾಲ್ ಅವರ ಬೇಸ್ ಬರೀ ತಾಳ ಹಿಡಿಯುವುದನ್ನು ಬಿಟ್ಟು ತಾನೂ ಹಾಡತೊಡಗಿತ್ತು.

ನೋಡಿ, ಇಲ್ಲಿ ಕಿಚ್ಚು ಇರಲಿಲ್ಲ ಅಂತಲ್ಲ. ಇತ್ತು. ಆದರೆ ಆ ಬೆಂಕಿಯಲ್ಲಿ ಎದುರಾಳಿಯ ಮನೆ ಸುಡಲಿಲ್ಲ, ತಮ್ಮ ಅಡುಗೆ ಬೆಂದಿತು. ಮುಂದೆ 2000ದಲ್ಲಿ ಬ್ರಯನ್ ಅವರನ್ನು ಗೀತರಚನಕಾರರ ಗೌರವ ಪಟ್ಟಿಗೆ ಸೇರಿಸಿದಾಗ ವೇದಿಕೆಯ ಮೇಲೆ ನಿಂತು ಅವರನ್ನು ಬರಮಾಡಿಕೊಂಡವರು ಇದೇ ಪಾಲ್. 2025ರ ಜೂನ್‌ನಲ್ಲಿ ಬ್ರಯನ್ ತೀರಿಕೊಂಡರು.

ಹೆಸರಿಲ್ಲದ ಕೈ

ಎಲ್ಲರ ಬಾಳಿನಲ್ಲೂ ಹೀಗೆ ಸುಖಾಂತವಿಲ್ಲ. ಅಮೆರಿಕದ ಡೆಟ್ರಾಯಿಟ್ ಊರಿನಲ್ಲಿ ‘ಮೋಟೌನ್’ ಎಂಬ ರೆಕಾರ್ಡ್ ಕಂಪನಿ ಇತ್ತು. 1960ರ ದಶಕದಲ್ಲಿ ಅದರ ಹಾಡುಗಳು ಮನೆಮಾತು. ಆ ಹಾಡುಗಳಲ್ಲಿ ಬಹುಪಾಲಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಅವರು ತಂತಿ ಮೀಟುತ್ತಿದ್ದುದು ಬಲಗೈಯ ತೋರುಬೆರಳು ಒಂದರಿಂದಲೇ. ತಂತಿ ಹರಿಯುವ ತನಕ ಬದಲಿಸುತ್ತಲೂ ಇರಲಿಲ್ಲ. ಹಳೆಯ ದೋಸೆ ಕಾವಲಿಯನ್ನು ಉಜ್ಜಿ ತೊಳೆದರೆ ದೋಸೆ ಏಳುವುದಿಲ್ಲ ಅಂತೀವಲ್ಲ, ಹಾಗೆ.

ಆದರೆ ಆ ರೆಕಾರ್ಡುಗಳ ಹೊದಿಕೆಯ ಮೇಲೆ ವಾದಕರ ಹೆಸರನ್ನೇ ಹಾಕುತ್ತಿರಲಿಲ್ಲ. ಲಕ್ಷಾಂತರ ಜನ ಜೇಮರ್ಸನ್ ಅವರ ಬೇಸಿಗೆ ಕುಣಿದರು. ಹೆಸರು ಗೊತ್ತಿದ್ದವರು ಬೆರಳೆಣಿಕೆ. ಪಾಲ್ ಮೆಕಾರ್ಟ್ನಿಯವರೂ ಆ ಕೈಚಳಕವನ್ನು ಗುರುವಿನಂತೆ ಕಂಡವರೇ, ಹೆಸರು ತಿಳಿದದ್ದು ಮಾತ್ರ ಬಹಳ ತಡವಾಗಿ.

ಕೆಲಸ ಹೆಚ್ಚಿದಾಗ ಕಂಪನಿ ಬಾಬ್ ಬ್ಯಾಬಿಟ್ ಎಂಬ ಇನ್ನೊಬ್ಬ ಬೇಸ್ ವಾದಕರನ್ನೂ ಕರೆಸಿಕೊಂಡಿತು. ಒಂದು ಕುರ್ಚಿ, ಇಬ್ಬರು ವಾದಕರು! ಯಾರು ಮೇಲು ಎಂದು ಜನ ಅಳೆಯದೆ ಬಿಟ್ಟಾರೆಯೇ? 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ ಅದರಲ್ಲಿ ಇಬ್ಬರೂ ನುಡಿಸಿದ್ದರು, ಇಬ್ಬರ ಹೆಸರೂ ಅಚ್ಚಾಯಿತು. ಜೇಮರ್ಸನ್ ಅವರ ಹೆಸರಿನ ಹಿಂದೆ ಒಂದು ವಿಶೇಷಣವೂ ಸೇರಿತ್ತು: ‘ಹೋಲಿಕೆಯೇ ಇಲ್ಲದ’. ವರ್ಷಗಟ್ಟಲೆ ಹೆಸರಿಲ್ಲದೆ ದುಡಿದ ಕೈಗೆ ಆ ಒಂದು ಪದ ಎಷ್ಟು ತಂಪೆರೆದಿರಬೇಕು, ಊಹಿಸಿ.

ಆದರೆ ಆ ತಂಪು ಬಹಳ ದಿನ ಉಳಿಯಲಿಲ್ಲ. ಕಂಪನಿ 1972ರಲ್ಲಿ ಲಾಸ್ ಏಂಜಲಿಸ್‌ಗೆ ಹೊರಟುಹೋಯಿತು. ಜೇಮರ್ಸನ್ ಕೂಡ ಅಲ್ಲಿಗೆ ಹೋದರು. ಅಲ್ಲಿ ಹೊಸ ಹುಡುಗರು, ಹೊಸ ಶೈಲಿ. ಕುಡಿತ ಅವರ ದೇಹವನ್ನು ತಿಂದಿತ್ತು, ಕೆಲಸ ಕಡಿಮೆಯಾಯಿತು. 1983ರಲ್ಲಿ ಕಂಪನಿಯ 25 ವರ್ಷದ ಸಮಾರಂಭ ದೊಡ್ಡದಾಗಿ ನಡೆಯಿತು. ಅದಕ್ಕೆ ಅವರಿಗೆ ಕರೆ ಬರಲಿಲ್ಲ. ತಾವೇ ಟಿಕೆಟ್ ಕೊಂಡು ಹೋಗಿ, ಜನರ ನಡುವೆ ಹಿಂದೆಲ್ಲೋ ಕುಳಿತು ನೋಡಿಬಂದರು. ಅದೇ ವರ್ಷ ಆಗಸ್ಟ್ 2ರಂದು ತೀರಿಕೊಂಡರು. ವಯಸ್ಸು 47.

ಮುಂದಿನದನ್ನು ಕೇಳಿ. 1989ರಲ್ಲಿ ಅವರ ಬದುಕು ಮತ್ತು ವಾದನದ ಬಗ್ಗೆ ಒಂದು ಪುಸ್ತಕ ಹೊರಬಂತು. ಅದರ ಜೊತೆಗಿನ ಧ್ವನಿಮುದ್ರಿಕೆಗಾಗಿ ಜೇಮರ್ಸನ್ ಅವರ ಬೇಸನ್ನು ಸಾಲು ಸಾಲಾಗಿ ಮತ್ತೆ ನುಡಿಸಿಕೊಟ್ಟವರು ಯಾರು? ಹೆಸರಾಂತ ಬೇಸ್ ವಾದಕರು! ಅಸೂಯೆಪಡಬೇಕಾಗಿದ್ದವರೇ ಬಂದು ಋಣ ತೀರಿಸಿದರು. 2002ರಲ್ಲಿ ಆ ತಂಡದವರ ಬಗ್ಗೆ ಸಾಕ್ಷ್ಯಚಿತ್ರ ಬಂದಾಗ ಬೇಸ್ ಹಿಡಿದು ನಿಂತವರಲ್ಲಿ, ಕುರ್ಚಿ ಹಂಚಿಕೊಂಡಿದ್ದ ಅದೇ ಬಾಬ್ ಬ್ಯಾಬಿಟ್ ಕೂಡ ಇದ್ದರು.

ಸಂಸಾರ ತೂಗಿಸಿದ ಕ್ಯಾರಲ್

ಈಗ ಒಬ್ಬ ಹೆಣ್ಣುಮಗಳ ಕಥೆ. ಕ್ಯಾರಲ್ ಕೇ ಹುಟ್ಟಿದ್ದು 1935ರಲ್ಲಿ, ಅಮೆರಿಕದಲ್ಲಿ. ಮನೆಯಲ್ಲಿ ಬಡತನ. ಹದಿನಾಲ್ಕನೆಯ ವಯಸ್ಸಿಗೇ ಗಿಟಾರು ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸತೊಡಗಿದವರು. ಮುಂದೆ ಮಕ್ಕಳು, ತಾಯಿ ಎಲ್ಲರ ಹೊಣೆಯೂ ಅವರದೇ. 1963ರಲ್ಲಿ ಒಂದು ದಿನ ಸ್ಟುಡಿಯೋದಲ್ಲಿ ಬೇಸ್ ವಾದಕರು ಬಾರದೆ ಹೋದಾಗ, ಗಿಟಾರು ನುಡಿಸಲು ಬಂದಿದ್ದ ಕ್ಯಾರಲ್ ಬೇಸ್ ಎತ್ತಿಕೊಂಡರು. ಅಲ್ಲಿಂದ ಹಿಂತಿರುಗಿ ನೋಡಲಿಲ್ಲ. ಒಟ್ಟು ಸುಮಾರು 10,000 ಧ್ವನಿಮುದ್ರಣಗಳಲ್ಲಿ ಅವರ ಕೈ ಇದೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಪಾಲ್ ಅವರನ್ನು ಬೆರಗಾಗಿಸಿದ ‘ಪೆಟ್ ಸೌಂಡ್ಸ್’ನ ಬೇಸ್ ಇತ್ತಲ್ಲ, ಅದರಲ್ಲಿ ದೊಡ್ಡ ಪಾಲು ಈಕೆ ನುಡಿಸಿದ್ದು!

ಗಂಡಸರೇ ತುಂಬಿದ್ದ ಸ್ಟುಡಿಯೋದಲ್ಲಿ ಒಂಟಿ ಹೆಂಗಸಿಗೆ ಎಂಥೆಂಥ ಹೋಲಿಕೆಗಳು ಎದುರಾಗಿರಬೇಡ? ಅವರು ವಾದಕ್ಕಿಳಿಯುವ ಬದಲು ಪೆನ್ನು ಹಿಡಿದರು. 1969ರಲ್ಲಿ ಬೇಸ್ ಕಲಿಸುವ ಪುಸ್ತಕ ಬರೆದರು, ಆಮೇಲೆ ಇನ್ನೂ ಹಲವು ಬರೆದರು. ಪುಳಿಯೋಗರೆ ಗೊಜ್ಜಿನ ಗುಟ್ಟು ಕೇಳಿದರೆ ಒಂದು ಸಾಮಾನು ಬಿಟ್ಟು ಹೇಳುವವರನ್ನು ನಾವೆಲ್ಲ ಕಂಡಿದ್ದೇವೆ. ಕ್ಯಾರಲ್ ತಮ್ಮ ಕಸುಬಿನ ಗುಟ್ಟನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದರು.

ಆದರೂ ಒಂದು ಜಗಳ ಇಂದಿಗೂ ಮುಗಿದಿಲ್ಲ. ಮೋಟೌನ್‌ನ ಕೆಲವು ಹಾಡುಗಳ ಬೇಸ್ ನುಡಿಸಿದ್ದು ತಾನು ಎಂದು ಕ್ಯಾರಲ್ ಹೇಳುತ್ತ ಬಂದಿದ್ದಾರೆ. ಅಲ್ಲ, ಅದು ಜೇಮರ್ಸನ್ ಅವರದು ಎಂದು ಅವರ ಕಡೆಯವರ ವಾದ. ಯಾರು ಸರಿ ಎಂಬ ಪಂಚಾಯ್ತಿ ನಮಗೆ ಬೇಡ. ಆದರೆ ಮೂಲ ಗಮನಿಸಿ: ಅಂದೇ ಹೊದಿಕೆಯ ಮೇಲೆ ಹೆಸರು ಅಚ್ಚು ಹಾಕಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ದುಡಿದವರನ್ನು ದುಡಿದ ದಿನವೇ ಹೆಸರಿಸದಿದ್ದರೆ, ಆ ಕಹಿ ಒಡೆಯನ ಮೇಲೆ ತಿರುಗುವ ಬದಲು ದುಡಿದವರ ನಡುವೆಯೇ ಉಳಿದುಬಿಡುತ್ತದೆ.

ಜೇಮರ್ಸನ್ ಅವರಿಗೆ 2000ದಲ್ಲಿ, ಅಂದರೆ ಸತ್ತು ಹದಿನೇಳು ವರ್ಷದ ಮೇಲೆ, ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಗೌರವ ಸಂದಿತು. 2025ರಲ್ಲಿ ಅದೇ ಗೌರವ ಕ್ಯಾರಲ್ ಅವರಿಗೂ ಘೋಷಣೆಯಾಯಿತು. ಅವರು ಬೇಡವೆಂದರು. ಸ್ಟುಡಿಯೋ ವಾದಕರು ಎಲ್ಲರೂ ಸೇರಿ ಮಾಡಿದ ಕೆಲಸ ಅದು, ಈ ಗೌರವ ಅದನ್ನು ತೋರಿಸುವುದಿಲ್ಲ ಎಂಬುದು ಅವರ ನಿಲುವು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಲೋಕಕ್ಕೆಲ್ಲ ನಾನೇ!

ಹೋಲಿಕೆಯ ಇನ್ನೊಂದು ಮುಖ ಜಂಬ. ಜಾಕೊ ಪಾಸ್ಟೋರಿಯಸ್ ಎಂಬ ಯುವಕ ಮಯಾಮಿಯಲ್ಲಿ ‘ವೆದರ್ ರಿಪೋರ್ಟ್’ ತಂಡದ ಮುಖ್ಯಸ್ಥ ಜೋ ಜಾವಿನುಲ್ ಅವರ ಎದುರು ನಿಂತು, ಲೋಕದ ಅತ್ಯುತ್ತಮ ಬೇಸ್ ವಾದಕ ನಾನೇ ಎಂದು ಪರಿಚಯ ಮಾಡಿಕೊಂಡನಂತೆ. ಅವರು ಮೊದಲು ಗದರಿಸಿ ಕಳಿಸಿದರು. ಆಮೇಲೆ ಅವನ ವಾದನ ಕೇಳಿ ಬಾಯಿ ಮುಚ್ಚಿಕೊಂಡರು; 1976ರಲ್ಲಿ ಜಾಕೊ ಅದೇ ತಂಡ ಸೇರಿದ. ಬೇರೆ ಬೇಸ್ ವಾದಕರನ್ನೆಲ್ಲ ಜನ ಅವನ ಪಕ್ಕದಲ್ಲಿಟ್ಟು ತೂಗತೊಡಗಿದರು.

ಆದರೆ 1985ರಲ್ಲಿ ಜಾಕೊ ಬೇಸ್ ಪಾಠದ ಒಂದು ವೀಡಿಯೋ ಮಾಡಿದಾಗ ಎದುರಿಗೆ ಕುಳಿತು ಪ್ರಶ್ನೆ ಕೇಳಿದವರು ಯಾರು ಗೊತ್ತೇ? ಜೆರಿ ಜೆಮಾಟ್. ಜಾಕೊ ಚಿಕ್ಕವನಿದ್ದಾಗ ಯಾರ ವಾದನ ಕೇಳಿ ಕಲಿತನೋ ಅದೇ ಬೇಸ್ ವಾದಕರು! ಲೋಕಕ್ಕೆಲ್ಲ ನಾನೇ ಎಂದವನಿಗೂ ಒಬ್ಬ ಹಿರಿಯನಿದ್ದ. ಆ ಹಿರಿಯರಿಗೂ ತಮ್ಮನ್ನು ಮೀರಿದವನೆದುರು ಕೂರಲು ಸಂಕೋಚವಾಗಲಿಲ್ಲ. 1987ರಲ್ಲಿ ಜಾಕೊ 35ನೆಯ ವಯಸ್ಸಿಗೇ ತೀರಿಹೋದ.

ಇನ್ನೊಂದು ಸಂತೋಷದ ಸಂಗತಿ. ಸ್ಟ್ಯಾನ್ಲಿ ಕ್ಲಾರ್ಕ್, ಮಾರ್ಕಸ್ ಮಿಲ್ಲರ್, ವಿಕ್ಟರ್ ವೂಟನ್ ಮೂವರೂ ಅತಿರಥರು; ಇವರಲ್ಲಿ ಯಾರು ಮೇಲು ಎಂದು ಅಭಿಮಾನಿಗಳ ಕಿತ್ತಾಟ. 2008ರಲ್ಲಿ ಮೂವರೂ ಸೇರಿ ‘ಥಂಡರ್’ ಎಂಬ ಆಲ್ಬಂ ಹೊರತಂದರು. ಒಬ್ಬರು ಮೇಲೆ ರಾಗ ಹಾಡಿದಾಗ ಇನ್ನೊಬ್ಬರು ಕೆಳಗೆ ನಿಂತು ಹೊರುವುದು, ಮತ್ತೆ ಸರದಿ ಬದಲು. ಒಂದೇ ಅಡುಗೆಮನೆಯಲ್ಲಿ ಮೂವರು ವಾರಗಿತ್ತಿಯರು ಹಬ್ಬದಡುಗೆ ಮುಗಿಸಿದ ಹಾಗೆ! ನಮ್ಮ ಮುಂಬಯಿಯ ಮೋಹಿನಿ ಡೇ ಅವರನ್ನೂ ಇಲ್ಲಿ ನೆನೆಯಬೇಕು. ತಂದೆಯೇ ಬೇಸ್ ವಾದಕರು, ಅವರೇ ಮೊದಲ ಗುರು. ಆ ಮಗಳು ಎ. ಆರ್. ರೆಹಮಾನ್ ಅವರ ತಂಡದಲ್ಲಿ ನುಡಿಸಿ ದೇಶವಿದೇಶ ಸುತ್ತಿದ್ದಾಳೆ.

ನಾವು ತೆಗೆದುಕೊಳ್ಳಬಹುದಾದ್ದು

ಈ ಕಥೆಗಳಿಂದ ನಮ್ಮ ದಿನನಿತ್ಯಕ್ಕೆ ಬೇಕಾದ ನಾಲ್ಕು ಮಾತು:

1. ಕಿಚ್ಚು ಹುಟ್ಟಿದ ಕೂಡಲೆ ‘ನಾನೆಷ್ಟು ಕೆಟ್ಟವಳು’ ಅಂತ ಕೊರಗಬೇಡಿ. ನಿಮಗೆ ಏನು ಬೇಕಾಗಿದೆ ಎಂದು ಅದು ಬೆರಳು ಮಾಡಿ ತೋರಿಸುತ್ತಿದೆ. ಪಕ್ಕದ ಮನೆಯಾಕೆಯ ಹೊಲಿಗೆ ಕಂಡು ಉರಿಯಾದರೆ, ನಿಮಗೂ ಹೊಲಿಗೆ ಕಲಿಯುವ ಆಸೆ ಇರಬಹುದು.

2. ಯಾರನ್ನು ಕಂಡರೆ ಉರಿಯುತ್ತದೋ ಅವರಿಂದಲೇ ಒಂದು ಸಂಗತಿ ಕಲಿಯಿರಿ. ‘ಇದನ್ನು ಹೇಗೆ ಮಾಡಿದಿರಿ, ನನಗೂ ಹೇಳಿಕೊಡಿ’ ಎಂದು ಬಾಯಿಬಿಟ್ಟು ಕೇಳಿದರೆ ಅರ್ಧ ಉರಿ ಅಲ್ಲೇ ಆರುತ್ತದೆ. ನಿಮ್ಮನ್ನು ಯಾರಾದರೂ ಕೇಳಿದರೆ ಒಂದು ಸಾಮಾನೂ ಬಿಡದೆ ಹೇಳಿ.

3. ತೂಗಲೇಬೇಕೆಂದರೆ ನಿನ್ನೆಯ ನಿಮ್ಮೊಂದಿಗೆ ಇಂದಿನ ನಿಮ್ಮನ್ನು ತೂಗಿ. ತಮ್ಮ ವಾದನವನ್ನೇ ಧ್ವನಿಮುದ್ರಿಸಿಕೊಂಡು ಕೇಳುವ ಅಭ್ಯಾಸ ವಾದಕರಲ್ಲುಂಟು. ಕಳೆದ ವರ್ಷ ಬಾರದಿದ್ದದ್ದು ಈ ವರ್ಷ ಬಂದಿದೆಯೇ ಎಂಬುದೊಂದೇ ಲೆಕ್ಕ.

4. ಎಲ್ಲಕ್ಕಿಂತ ಮುಖ್ಯವಾದದ್ದು, ಹೆಸರು ಹೇಳಿ. ಮನೆಗೆ ಬಂದವರು ಚಟ್ನಿಪುಡಿ ಹೊಗಳಿದರೆ ‘ಅದು ನಮ್ಮ ವಾರಗಿತ್ತಿ ಕುಟ್ಟಿದ್ದು’ ಎಂದು ಅವಳ ಎದುರಿಗೇ ಹೇಳಿ. ಸೊಸೆ ಹಾಕಿದ ರಂಗೋಲಿ ಸೊಸೆಯದೆನ್ನಿ, ಅತ್ತೆ ಹಾಕಿದ ಉಪ್ಪಿನಕಾಯಿ ಅತ್ತೆಯದೆನ್ನಿ. ಇದಕ್ಕೆ ಖರ್ಚಿಲ್ಲ.

ಜೇಮರ್ಸನ್ ಅವರಿಗೆ ಬೇಕಾಗಿದ್ದದ್ದೂ ಬಹುಶಃ ಇಷ್ಟೇ. ರೆಕಾರ್ಡಿನ ಹೊದಿಕೆಯ ಮೇಲೆ ಒಂದು ಸಾಲು ಜಾಗ, ಸಮಾರಂಭದಲ್ಲಿ ಒಂದು ಕುರ್ಚಿ. ನಿಮ್ಮ ಮನೆಯಲ್ಲೂ ಬೇಳೆಯಂತೆ ತಳದಲ್ಲಿ ಬೇಯುತ್ತಿರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಈ ರಾತ್ರಿಯ ಊಟದ ಹೊತ್ತಿಗೆ ಅವರ ಹೆಸರೆತ್ತಿ ಎರಡು ಒಳ್ಳೆಯ ಮಾತು ಆಡುತ್ತೀರಲ್ಲವೇ?